ಆ ಬೆಳಿಗ್ಗೆ ನನ್ನ ಉಸಿರು ಎಣಿಸಿದವರು

ದೆವ್ವ ಕಂಡಿತು, ಸತ್ತವರು ಮನೆಗೆ ಬಂದಿದ್ದರು ಎಂದು ಯಾರಾದರೂ ಹೇಳಿದರೆ ಅವರ ಬಾಯಿ ಮುಚ್ಚಿಸುವುದೇ ನನಗೊಂದು ಹುರುಪಾಗಿತ್ತು. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾರಕೂನನಾಗಿ ಮೂವತ್ತು ವರ್ಷ ದುಡಿದವನು ನಾನು. ತೂಕಕ್ಕೆ ಸಿಗದ್ದನ್ನು ನಂಬಿದವನಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಮಿರಜದ ದವಾಖಾನೆಯೊಂದರಲ್ಲಿ ನನಗೆ ಬೈಪಾಸ್ ಆಯಿತು. ಪಕ್ಕದ ಮಂಚದಲ್ಲಿ ಅಲಖನೂರಿನ ಭೀಮಪ್ಪ ಎಂಬ ರೈತ. ಅವನಿಗೂ ಅದೇ ಆಪರೇಷನ್. ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ಬರುತ್ತಿದ್ದಳು. ಮೈ ಸಡಿಲ ಬಿಟ್ಟು, ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದು, ಆರು ಎಣಿಸುವವರೆಗೆ ಬಾಯಿಂದ ಮೆಲ್ಲಗೆ ಬಿಡಬೇಕು. ಹೀಗೆ ಹತ್ತು ಸಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ನೋವಿಗೆ ಹೆದರಿ ಸಣ್ಣ ಸಣ್ಣ ಉಸಿರಿನಲ್ಲೇ ಇದ್ದರೆ ಕಫ ಕಟ್ಟಿ ಜೀವಕ್ಕೇ ಕುತ್ತು ಎಂದು ಗದರಿಸಿದ್ದಳು.

ಭೀಮಪ್ಪ ಮಹಾ ಪುಕ್ಕಲ. ಹೊಲಿದ ಎದೆ ಬಿಚ್ಚಿಕೊಂಡೀತೆಂದು ಉಸಿರೇ ಎಳೆಯುತ್ತಿರಲಿಲ್ಲ. ನೋಡಿ ನೋಡಿ ಬೇಸತ್ತು ನಾನೇ ಎಣಿಸತೊಡಗಿದೆ. ಒಂದು ಎಂದಕೂಡಲೇ ಅವನು ಕೈ ಎತ್ತಿ ತಡೆದ. ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಉಸಿರನ್ನೂ ಹಾಗೇ ಎಣಿಸಬೇಕೆಂದು ಅವನ ಹಟ. ನನಗೆ ನಗು ಬಂತು. ನಕ್ಕರೆ ಎದೆ ಸೀಳುವಂಥ ನೋವು. ಆಗಲಿ ತಗೋ ಎಂದು "ಲಾಭ, ಎರಡು, ಮೂರು, ನಾಲ್ಕು" ಎಂದೆ. ಅವನ ಎದೆ ಏರಿತು.

ಊರು ಸೇರಿದ ಮೇಲೂ ಅವನು ನನ್ನನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಫೋನು. ನಾನು ಎಣಿಸದಿದ್ದರೆ ಉಸಿರು ಆಳಕ್ಕೆ ಇಳಿಯುವುದಿಲ್ಲವಂತೆ. ಫೋನನ್ನು ಸ್ಪೀಕರಿಗೆ ಹಾಕಿ ಹತ್ತು ದಿನ ಎಣಿಸಿದೆ. ಹನ್ನೊಂದನೆಯ ದಿನ ನನ್ನ ತಲೆ ಕೆಟ್ಟಿತ್ತು. ಫೋನು ಮೂರು ಸಲ ಬಡಿದುಕೊಂಡಿತು. ಮೂರು ಸಲವೂ ಅವನ ಹೆಸರು ನೋಡಿ, ಎತ್ತದೆ ಬೋರಲು ಹಾಕಿದೆ. ಆಮೇಲೆ ಕಣ್ಣು ಮುಚ್ಚಿ ನನ್ನ ವ್ಯಾಯಾಮ ಶುರು ಮಾಡಿದೆ. ಬೇಕೆಂದೇ ಒಂದರಿಂದ, ಅದೂ ಮನಸ್ಸಿನಲ್ಲೇ ಎಣಿಸಿಕೊಂಡೆ. ಆಪರೇಷನ್ ಆದ ಮೇಲೆ ಅಷ್ಟು ಹಗುರವಾಗಿ ಉಸಿರಾಡಿದ್ದು ಅಂದೇ ಮೊದಲು.

ಕಣ್ಣು ತೆರೆದರೆ ನನ್ನ ಹೆಂಡತಿ ಎರಡು ಕಪ್ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡು ಯಾರಿಗೆ ಎಂದೆ.

"ಅಲಖನೂರಾವ್ರ ಬಂದಾರಲ್ಲ, ಎಲ್ಲಿ ಹೋದ್ರ? ದಿನಾ ನೀವ ಎಣಸ್ತಿದ್ರಿ, ಇವತ್ತ ಅವ್ರ ಎಣಸಾಕತ್ತಿದ್ರು. ಲಾಭ, ಎರಡ, ಮೂರ ಅಂತ."

ನಿನ್ನ ಕಿವಿ ಕೆಟ್ಟಿದೆ ಎಂದು ರೇಗಿದೆ. ಆದರೂ ಫೋನು ಹಚ್ಚಿದೆ. ಭೀಮಪ್ಪನ ಮಗಳು ಎತ್ತಿದಳು.

"ಈಗ ಜೀವಾ ಬಿಟ್ಟನ್ರಿ ಕಾಕಾ ಅಪ್ಪ. ಐದ ಮಿನಿಟ ಆಗಿಲ್ಲ. ಮುಂಜಾನೆ ದಮ್ಮ ಹತ್ತಿತ್ತ. ದವಾಖಾನಿ ಗಾಡಿ ಬರೂತನಕ ಕಾರಕೂನರಿಗೆ ಫೋನ್ ಹಚ್ಚ, ಅವ್ರ ಎಣಿಸಿದ್ರ ಉಸರ ಬರತೈತಿ ಅಂದ. ಮೂರ ಸಲ ಹಚ್ಚಿದ್ನಿರಿ."

ನಾನು ಎಣಿಸಿದ್ದರೂ ಅವನು ಉಳಿಯುತ್ತಿರಲಿಲ್ಲ ಎಂದು ನಮ್ಮ ಡಾಕ್ಟರು ಆಮೇಲೆ ಹೇಳಿದರು. ಇದ್ದೀತು. ದಿನಾ ಕೇಳಿದ್ದೇ ನನ್ನ ಹೆಂಡತಿಯ ಕಿವಿಯಲ್ಲಿ ಕೂತಿರಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವಳು ಇವತ್ತಿಗೂ ಒಪ್ಪುವುದಿಲ್ಲ. ಭೀಮಪ್ಪ ಸಿಟ್ಟಿನಿಂದ ಬಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ತನ್ನ ಉಸಿರು ನಿಲ್ಲುವ ಹೊತ್ತಿನಲ್ಲಿ ನನ್ನ ಉಸಿರು ಎಣಿಸಲು ಯಾಕೆ ಬಂದ? ಬಂದದ್ದು ನಿಜವೇ? ನನಗೆ ತಿಳಿಯುವುದಿಲ್ಲ. ತಿಳಿದಿರುವುದು ಇಷ್ಟೇ: ಫೋನು ಯಾಕೆ ಎತ್ತಲಿಲ್ಲ ಎಂದು ಅವನ ಮಗಳು ಕೇಳಿದಾಗ, ಜಳಕಕ್ಕೆ ಹೋಗಿದ್ದೆನವ್ವಾ ಎಂದು ಸುಳ್ಳು ಹೇಳಿದ್ದೇನೆ.