ಕೊನೆಯ ಸೊನ್ನೆ ತಿಂದ ಹತ್ತಿ

ಆದವಾನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ನಾನು ಬಹುಕಾಲದಿಂದ ಕಂಪ್ಯೂಟರಿನ ಅರ್ಚಕ. ಕಪ್ಪು ಪರದೆಯ ಹಳೇ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಸಾಗಿಸುವ ಪುಣ್ಯಕಾರ್ಯವೂ ನನ್ನ ಪಾಲಿಗೇ ಬಂತು. ಹಳೆಯದರಲ್ಲಿ ತೂಕದ ಕಾಲಂಗೆ ಚುಕ್ಕಿಯ ನಂತರ ಎರಡು ಅಂಕಿ ಖಾಯಂ ಎಂದು ಯಾರೋ ವಿವೇಕಿ ಕಟ್ಟುಮಾಡಿದ್ದ. ಹೊಸ ಯಂತ್ರ ತಾನಾಗಿಯೇ ‘ಫ್ಲೋಟ್’, ಅಂದರೆ ಇಷ್ಟೇ ಅಂಕಿ ಎಂಬ ಕಟ್ಟಿಲ್ಲದ ಬಗೆ, ಎಂದು ಸೂಚಿಸಿತು. ಅದರಲ್ಲಿ ಕೊನೆಯ ಸೊನ್ನೆಗೆ ಕಿಮ್ಮತ್ತಿಲ್ಲ, ಅಚ್ಚಿನಲ್ಲೂ ಬೀಳುವುದಿಲ್ಲ. ಊಟದ ಹೊತ್ತಾಗಿತ್ತು. ಆಗಲಿ ಎಂದು ಒತ್ತಿ ಎದ್ದೆ.

ನಮ್ಮ ಗುಮಾಸ್ತರ ಸಂಪ್ರದಾಯ ನನಗೆ ಗೊತ್ತಿಲ್ಲದ್ದೇನಲ್ಲ. ಅವರಿಗೆ ಚುಕ್ಕಿಯೆಂದರೆ ದಶಾಂಶವಲ್ಲ, ಗೋಡೆ. ಎಡಕ್ಕೆ ಕ್ವಿಂಟಾಲ್, ಬಲಕ್ಕೆ ಕೇಜಿ.

ಮೂರನೇ ದಿನ ಚಿಪ್ಪಗಿರಿ ಕಡೆಯ ಹೆಂಗಸೊಬ್ಬಳು ಚೀಟಿ ಹಿಡಿದು ಗುಮಾಸ್ತನ ಮೇಜು ಗುದ್ದುತ್ತಿದ್ದಳು.

“ಎಂಟು ಕ್ವಿಂಟಾಲ್ ಐವತ್ತು ಕೇಜಿ. ತೂಕದ ಕಾಟಾದ ಮ್ಯಾಲ ಕಣ್ಣಾರೆ ನೋಡೀನಿ.”

“ಚೀಟಿ ನೋಡಬೇ. ಎಂಟು, ಚುಕ್ಕಿ, ಐದು. ಐದು ಕೇಜಿ!”

“ಉಳಿದ ನಲವತ್ತೈದು ಗಾಳಿಗೆ ಹಾರಿಹೋತೇನು?”

ಮಿಲ್ಲಿನ ಸಾಹುಕಾರರು ಒಳಗಿಂದ ಬಂದು, ದೇವರ ಮುಂದೆ ನಿಂತ ಗಾಂಭೀರ್ಯದಲ್ಲಿ ಹೇಳಿದರು: “ಮನಷಾ ಸುಳ್ಳು ಹೇಳ್ತಾನವ್ವಾ, ಕಂಪ್ಯೂಟರ್ ಹೇಳಂಗಿಲ್ಲ.”

ಮೂರು ಕಾಸಿನ ಈ ಭಕ್ತಿಗೆ ಅರ್ಚಕ ನಾನೇ. ಆಕೆಯ ಕೈಯಿಂದ ಚೀಟಿ ಇಸಿದುಕೊಂಡು ನೋಡಿದೆ.

“ತಪ್ಪು ನಂದರಿ ಸಾವ್ಕಾರ್ರ,” ಎಂದೆ. “ಅದು ಐದಲ್ಲ, ಐವತ್ತು. ಸೊನ್ನಿ ಬಿದ್ದುಹೋಗೈತಿ.”

“ಅಂದ್ರ ನನ್ ಹತ್ತಿ ತಿಂದದ್ದು ನೀನೇನಪ್ಪಾ?” ಎಂದಳು ಆಕೆ.

ಎಲ್ಲರೆದುರಿಗೇ ಕಾಲಂ ಬದಲಿಸಿದೆ. ಒಂದು ನಿಮಿಷದ ಕೆಲಸ. ಚೀಟಿ ಮತ್ತೆ ಅಚ್ಚಾಗಿ ಬಂತು: 8.50. ಗುಮಾಸ್ತ ಯಾವ ನಾಚಿಕೆಯೂ ಇಲ್ಲದೆ ತನ್ನ ಪುಸ್ತಕದಲ್ಲಿ ‘ಐವತ್ತು ಕೇಜಿ’ ಎಂದು ತಿದ್ದಿದ.

ಸಾಹುಕಾರರು ನನ್ನ ಕಿವಿಯ ಹತ್ತಿರ ಬಂದರು. “ಇನ್ನ ಮುಂದ ನೆಟ್ಟಗ ಬರಲಿ, ಸಾಕು. ಹಿಂದಿನ ಚೀಟಿ ಕೆದಕಬ್ಯಾಡ್ರಿ.”

ಆಕೆಯ ಕಿವಿ ಬಲು ಚುರುಕು. “ನಿನ್ನಿ ನನ್ ನೆಗೆಣ್ಣಿ ಬಂದಿದ್ಲು. ಆಕಿದೂ ತೆಗಿ.”

ತೆಗೆದೆ. ಗುಮಾಸ್ತನ ಪುಸ್ತಕದಲ್ಲಿ ಆರು ಕ್ವಿಂಟಾಲ್ ಎರಡು ಕೇಜಿ ಎಂದಿತ್ತು, ಅದು ಇಪ್ಪತ್ತಾಗಬೇಕಿತ್ತು. ಸಾಹುಕಾರರು ಹರಳೆಣ್ಣೆ ಕುಡಿದ ಮುಖದಲ್ಲಿ ನೋಡುತ್ತಿದ್ದಂತೆಯೇ ಹೊಸ ಚೀಟಿಯ ಮೇಲೆ ತೂಕವನ್ನು ಅಕ್ಷರದಲ್ಲಿ ಬರೆದು ರುಜು ಹಾಕಿ ಕೊಟ್ಟೆ. ಆಕೆ ಎರಡೂ ಚೀಟಿಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಆ ದಿನಗಳ ಉಳಿದ ಚೀಟಿಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾನೂ ತೆಗೆದು ನೋಡಲಿಲ್ಲ.