ಮಗಳ ರಜೆಯ ಅರ್ಜಿ

ಇಂದು ಪಕ್ಕದ ಮನೆಯವರು ಟೆನಿಸ್ ಚೆಂಡುಗಳ ಹೊಸ ಡಬ್ಬಿ ತೆರೆದಾಗ ಬಂದ ರಬ್ಬರಿನ ವಾಸನೆ ನನ್ನನ್ನು ಲೋಧಿ ಕಾಲೋನಿಯ ಒಂದು ಚಳಿಗಾಲಕ್ಕೆ ಒಯ್ದಿತು. ಮಗಳು ಶಾಲಿನಿಗೆ ಆಗ ಹನ್ನೊಂದು ವರ್ಷ. ಟೆನಿಸ್ ಅಭ್ಯಾಸ ತಪ್ಪಿಸಬೇಕಾದರೆ ಅವಳೂ ನಾನು ಪಾಠ ಮಾಡುತ್ತಿದ್ದ ಶಾಲೆಯ ಮಕ್ಕಳಂತೆ ನನಗೆ ರಜೆಯ ಅರ್ಜಿ ಬರೆದುಕೊಡಬೇಕಿತ್ತು. ಒಂದನ್ನೂ ನಾನು ಮಂಜೂರು ಮಾಡಿರಲಿಲ್ಲ.

ಅವಳ ತರಬೇತುದಾರರು ದೇಶದೇಶ ಸುತ್ತಿ ಆಡಿ ನಿವೃತ್ತರಾಗಿದ್ದ ಬ್ರಿಟಿಷ್ ಆಟಗಾರ್ತಿ. ಒಂದು ಬೆಳಿಗ್ಗೆ ಅವರು ಮಗುವಿನ ಹಣೆ ಮುಟ್ಟಿ, ಜ್ವರವಿದ್ದರೂ ಏಕೆ ಬಂದೆ ಎಂದು ಕೇಳಿದರು.

“ಅಪ್ಪ ಲೀವ್ ಸ್ಯಾಂಕ್ಷನ್ ಮಾಡ್ಲಿಲ್ಲ, ಮ್ಯಾಮ್.”

ಅವರು ತಂತಿಬೇಲಿಯಾಚೆ ನಿಂತಿದ್ದ ನನ್ನ ಬಳಿಗೆ ಬಂದರು. “ಮಾಸ್ಟರ್‌ಜೀ, ಮೊಣಕಾಲು ಕೆಟ್ಟು ಆಟ ಬಿಟ್ಟ ದಿನ ನಾನು ಅಪ್ಪನಿಗೆ ಫೋನ್ ಮಾಡಿ, ಇನ್ನು ಆಡೋದಿಲ್ಲ ಅಂದೆ. ‘ಸರಿ, ನಾಳೆ ಎಷ್ಟು ಗಂಟೆಗೆ ಪ್ರಾಕ್ಟೀಸು?’ ಅಂದರು.”

ಅಂದು ಸಂಜೆ ಶಾಲಿನಿ ಮತ್ತೊಂದು ಅರ್ಜಿ ತಂದಳು. ಇನ್ನೆಂದೂ ಆಡುವುದಿಲ್ಲ ಎಂದು ಬರೆದಿದ್ದಳು. ನಾನು ಸಹಿ ಹಾಕಿದೆ.

“ಪಕ್ಕಾ ಅಲ್ವಾ, ಅಪ್ಪಾ?” ಎಂದು ಎರಡು ಬಾರಿ ಕೇಳಿದಳು.

ಈಗ ಅವಳ ಸಂಸಾರ ನೋಯ್ಡಾದಲ್ಲಿ. ಭಾನುವಾರ ಬಂದವಳು ಹೊರಡುವಾಗ “ಅಪ್ಪಾ, ಹೋಗಿಬರ್ಲಾ?” ಎನ್ನುತ್ತಾಳೆ. ಎಲ್ಲ ಮಕ್ಕಳೂ ಹಾಗೆನ್ನುತ್ತಾರೆ. ಅವಳು ಮಾತ್ರ ನಾನು ಹೂಂ ಎನ್ನುವವರೆಗೂ ಬಾಗಿಲಲ್ಲೇ ನಿಂತಿರುತ್ತಾಳೆ.