ಮೊದಲ ರಿಂಗಿಗೇ ಫೋನೆತ್ತಿದವಳು

2023ರಲ್ಲಿ ನಾನು ಸಿಂದಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿಯಾಗಿದ್ದೆ. ಅದಾಗಲೇ ಇಪ್ಪತ್ತೇಳು ವರ್ಷ ಪಾಠ ಮಾಡಿದ್ದೆ. ಮಕ್ಕಳ ಮುಖ ನೋಡಿದರೆ ಸಾಕು, ಹೊಟ್ಟೆಯೊಳಗಿನದು ತಿಳಿಯುತ್ತದೆ ಎಂಬ ಜಂಬವೂ ಇತ್ತು. ಈಗ ನಿವೃತ್ತಳಾಗಿದ್ದೇನೆ, ಜಂಬ ಅದಕ್ಕಿಂತ ಮೊದಲೇ ಹೋಯಿತು. ಊರಿನ ಹೆಸರು ಹೇಳುವುದಿಲ್ಲ, ಹುಡುಗಿಯ ಹೆಸರನ್ನು ಬದಲಿಸಿದ್ದೇನೆ.

ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ‘ದತ್ತು’ ಎಂದು ಮಾಡುತ್ತೇವೆ. ಒಬ್ಬೊಬ್ಬ ಶಿಕ್ಷಕರು ಐದಾರು ಮಕ್ಕಳ ಹೊಣೆ ಹೊರಬೇಕು. ಮುಖ್ಯ ಕೆಲಸವೆಂದರೆ ದಿನಾ ಬೆಳಗಿನ ಐದಕ್ಕೆ ಫೋನ್ ಮಾಡಿ ಅವರನ್ನು ಓದಲು ಎಬ್ಬಿಸುವುದು. ನನ್ನ ಪಾಲಿಗೆ ಆರು ಹುಡುಗಿಯರು ಬಂದಿದ್ದರು. ಗಣಿತದವಳಲ್ಲವೇ, ಬರೀ ಫೋನ್ ಮಾಡಿದರೆ ಸಮಾಧಾನವಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾರು ಎಷ್ಟನೇ ರಿಂಗಿಗೆ ಎತ್ತಿದರು ಎಂದು ಬರೆದಿಡುತ್ತಿದ್ದೆ. ಒಬ್ಬಳ ಅಪ್ಪನಂತೂ ದಿನಾ, “ಎದ್ದಾಳ್ರಿ ಅಕ್ಕೋರ, ಮಾರಿ ತೊಳಕೊಳ್ಳಾಕತ್ತಾಳ್ರಿ” ಎನ್ನುತ್ತಿದ್ದ. ಆಕೆಯ ಗೊರಕೆ ನನಗೇ ಕೇಳುತ್ತಿತ್ತು.

ಶಬಾನಾ ಮಾತ್ರ ಮೊದಲ ರಿಂಗಿಗೇ ಎತ್ತುತ್ತಿದ್ದಳು. “ಎದ್ದೇನ್ರಿ ಟೀಚರ್” ಎಂಬ ಎರಡು ಮಾತು, ಅಷ್ಟೇ. ಅಪ್ಪ ದಸ್ತಗೀರ ಊರಿನಲ್ಲಿ ಟೇಲರ್. ಮನೆಗೆಲ್ಲ ಒಂದೇ ಫೋನು. ಶಬಾನಾ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಎಂಬತ್ತಕ್ಕೆ ಎಪ್ಪತ್ನಾಲ್ಕು ತೆಗೆದವಳು, ಲೆಕ್ಕ ಬಿಡಿಸಿದ ಮೇಲೆ ತನ್ನಷ್ಟಕ್ಕೆ ನಗುವವಳು. ಎರಡು ವಾರ ಕಳೆದ ಮೇಲೆ ನಾನು ಪ್ರಾರ್ಥನೆಯ ಸಾಲಿನಿಂದ ಅವಳನ್ನು ಮುಂದೆ ಕರೆದು, ನೋಟ್‌ಬುಕ್ ಎತ್ತಿ ತೋರಿಸಿ, “ಶಿಸ್ತು ಅಂದರೆ ಇದು” ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವಳು ತಲೆ ಎತ್ತಲಿಲ್ಲ. ನಾಚಿಕೆ ಎಂದುಕೊಂಡೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ. ಮಧ್ಯಾಹ್ನದ ಬಿಸಿಯೂಟದಲ್ಲಿ ಅವಳು ಅನ್ನವನ್ನು ಕೆದಕಿ ಹಾಗೇ ಬಿಡುತ್ತಿದ್ದುದನ್ನು ಕಂಡಿದ್ದೆ. ಒಂದೇ ಲೆಕ್ಕವನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದನ್ನೂ ಕಂಡಿದ್ದೆ. ಪೂರ್ವಸಿದ್ಧತಾ ಪರೀಕ್ಷೆ, ಎಂದರೆ ದೊಡ್ಡ ಪರೀಕ್ಷೆಗೆ ಮುಂಚಿನ ತಾಲೀಮು, ಅದರಲ್ಲಿ ಅವಳ ಅಂಕ ನಲವತ್ಮೂರಕ್ಕೆ ಇಳಿಯಿತು. ಸ್ಟಾಫ್ ರೂಮಿಗೆ ಕರೆಸಿದೆ.

“ಐದಕ್ಕ ಎದ್ದು ಏನ್ ಮಾಡ್ತಿ?”

“ಓದ್ತೇನ್ರಿ ಟೀಚರ್. ಓದಿದ್ದು ತಲ್ಯಾಗ ನಿಲ್ಲವಲ್ದರಿ.”

ಆ ಮಾತಿನ ಮುಂದೆ ನಾನೊಂದು ಕ್ಷಣ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. “ಹಂಗಾದ್ರ ಇನ್ನೊಂದೀಟು ಹೆಚ್ಚಿಗಿ ಓದು” ಎಂದು ಹೇಳಿ, ಅವಳೊಬ್ಬಳಿಗೆ ಫೋನ್ ಮಾಡುವ ವೇಳೆಯನ್ನು ನಾಲ್ಕೂವರೆಗೆ ತಂದೆ. ಮರುದಿನ ನಾಲ್ಕೂವರೆಗೂ ಮೊದಲ ರಿಂಗಿಗೇ ಎತ್ತಿದಳು. ನಾನು ಸಂತೋಷದಿಂದ ಬರೆದುಕೊಂಡೆ.

ಗಣಿತ ಪರೀಕ್ಷೆಯ ದಿನ ಗಣಿತದ ಶಿಕ್ಷಕರಿಗೆ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಕೊಡುವುದಿಲ್ಲ. ನಾನು ಶಾಲೆಯಲ್ಲೇ ಇದ್ದೆ. ಹನ್ನೊಂದೂವರೆಯ ಹೊತ್ತಿಗೆ ಸಿಂದಗಿಯ ಕೇಂದ್ರದ ಮುಖ್ಯ ಅಧೀಕ್ಷಕರಿಂದ ಫೋನ್ ಬಂತು: “ನಿಮ್ಮ ಸಾಲಿ ಹುಡುಗಿ ರಿಜಿಸ್ಟರ್ ನಂಬರ್ ಬಿಟ್ಟರ ಏನೂ ಬರದಿಲ್ರಿ. ಉಸಿರು ಹಿಡಿಯಾಕತ್ತೈತಿ ಅಂತಾಳ. ಅವರ ಮನಿಯವರಿಗೂ ಹೇಳೇವ್ರಿ.” ಸಹೋದ್ಯೋಗಿಯ ಬೈಕಿನ ಹಿಂದೆ ಕೂತು ಹೋದೆ. ಶಬಾನಾ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೇಂದ್ರದಲ್ಲಿದ್ದ ನರ್ಸ್ ಅವಳ ಕೈ ತಿಕ್ಕುತ್ತಿದ್ದಳು. ನಾನೂ ಆ ಕೈ ಹಿಡಿದೆ, ತಣ್ಣಗಿತ್ತು. ಅವಳು ನನ್ನನ್ನು ನೋಡಿ ಹೇಳಿದ್ದು ಒಂದೇ ಮಾತು: “ಸಾರಿ ರೀ ಟೀಚರ್.”

ಸ್ವಲ್ಪ ಹೊತ್ತಿಗೆ ಅವಳ ತಾಯಿ ಹಸೀನಾ ಬಂದರು.

“ಒಂದೂವರಿ ತಿಂಗಳಾತ್ರಿ ಅಕ್ಕೋರ, ಇಕಿ ಕಣ್ಣಿಗೆ ನಿದ್ದಿ ಹತ್ತಿಲ್ಲ. ಫೋನ್ ಎದಿ ಮ್ಯಾಲ ಇಟ್ಕೊಂಡು ಕುಂದರ್ತಾಳ. ನೀವು ಫೋನ್ ಮಾಡಿದಾಗ ಮಲಗಿದ್ರ ಹೆಂಗ ಅಂತಾಳ.”

“ನನಗ ಯಾಕ ಹೇಳ್ಲಿಲ್ರಿ?”

“ನೀವು ಎಲ್ಲಾರ ಮುಂದ ಶ್ಯಾಣ್ಯಾಕಿ ಅಂದಿದ್ರೆಲ್ಲ. ಹೇಳಬ್ಯಾಡ ಅಮ್ಮಿ ಅಂತ ನನ್ನ ಕೈ ಹಿಡಕೊಂಡ್ಳ್ರಿ.”

ಅದೇ ಮಧ್ಯಾಹ್ನ ಮೂವರೂ ವಿಜಯಪುರಕ್ಕೆ ಹೋಗಿ ಆಸ್ಪತ್ರೆಯೊಂದರಲ್ಲಿ ಮನೋವೈದ್ಯರನ್ನು ಕಂಡೆವು. ಅವರು ಶಬಾನಾಳ ಜೊತೆ ಒಂದು ತಾಸು ಮಾತಾಡಿ, ನಂತರ ನಮ್ಮನ್ನು ಒಳಗೆ ಕರೆದರು. ಅವಳಿಗೆ ಆತಂಕದ ಕಾಯಿಲೆಯೂ ಖಿನ್ನತೆಯೂ ಇದ್ದವು. ಬದುಕುವುದೇ ಬೇಡ ಎಂಬ ಯೋಚನೆ ಹಲವು ದಿನಗಳಿಂದ ಬರುತ್ತಿತ್ತಂತೆ. ಹಸೀನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಿದ್ದೆ ಬಾರದಾದದ್ದು ಎಂದಿನಿಂದ ಎಂದು ವೈದ್ಯರು ಕೇಳಿದಾಗ ಯಾರಿಗೂ ತಾರೀಖು ನೆನಪಿರಲಿಲ್ಲ. ನಾನು ಚೀಲದಿಂದ ನೋಟ್‌ಬುಕ್ ತೆಗೆದು ಮುಂದಿಟ್ಟೆ. ಅವರು ಬೆರಳಿಟ್ಟು ಎಣಿಸಿದರು. ಒಂದೂ ತಪ್ಪದೆ ನಲವತ್ತೊಂದು ದಿನ, ಮೊದಲ ರಿಂಗು.

“ಈ ಹುಡುಗಿ ಎಚ್ಚರ ಇದ್ಳು ಅನ್ನೂದಕ್ಕ ದಾಖಲೆ ನಿಮ್ಮ ಹಂತ್ಯಾಕ ಐತೆಲ್ರಿ ಮೇಡಂ” ಎಂದರು. ಬೈದಂತೆ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಳಿದ ಪರೀಕ್ಷೆಗಳನ್ನು ಅವಳು ಬರೆಯಲಿಲ್ಲ. ಔಷಧಿ ಶುರುವಾಯಿತು, ಎರಡು ವಾರಕ್ಕೊಮ್ಮೆ ಆಪ್ತ ಸಮಾಲೋಚನೆ, ಎಂದರೆ ಅವಳು ಮಾತಾಡುವುದು, ಇನ್ನೊಬ್ಬರು ಅವಸರವಿಲ್ಲದೆ ಕೇಳುವುದು. ನಾನು ಫೋನ್ ಮಾಡುವುದನ್ನು ನಿಲ್ಲಿಸಿದೆ. ಜೂನಿನಲ್ಲಿ ಪೂರಕ ಪರೀಕ್ಷೆ ಬಂತು. ಗಣಿತದ ದಿನ ಬೆಳಿಗ್ಗೆ ಏಳಕ್ಕೆ ಮನಸ್ಸು ತಡೆಯದೆ ಫೋನ್ ಮಾಡಿಬಿಟ್ಟೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಇನ್ನೇನು ಕಟ್ಟಾಗಬೇಕು ಎನ್ನುವಾಗ ಹಸೀನಾ ಎತ್ತಿದರು.

“ಮಲಗ್ಯಾಳ್ರಿ ಅಕ್ಕೋರ. ಎಬ್ಬಿಸ್ಲೇನ್ರಿ?”

“ಬ್ಯಾಡ್ರಿ. ಇನ್ನರ್ಧ ತಾಸು ಮಲಗ್ಲಿ” ಎಂದೆ. ಫೋನಿಟ್ಟು ಅಡುಗೆಮನೆಯಲ್ಲೇ ಕೂತು ಅತ್ತೆ.

ಶಬಾನಾ ಪಾಸಾದಳು, ಗಣಿತದಲ್ಲಿ ಮೂವತ್ತೆಂಟು. ಜೀವ ಉಳಿಯಿತು, ಅದು ದೊಡ್ಡದು. ಆದರೆ ಎಲ್ಲವೂ ಮರಳಲಿಲ್ಲ. ಕಾಲೇಜಿನಲ್ಲಿ ಆರ್ಟ್ಸ್ ತೆಗೆದುಕೊಂಡಳು. ಲೆಕ್ಕದ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ. ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಎದ್ದು ನಿಂತು ನಮಸ್ಕಾರ ಮಾಡಿದಳು. ಪಕ್ಕದಲ್ಲಿ ಯಾರದೋ ಫೋನ್ ಸದ್ದಾಯಿತು. ಅವಳ ಕೈ ಥಟ್ಟನೆ ಎದೆಗೆ ಹೋಯಿತು. ನಾನು ಬೇರೆ ಕಡೆ ನೋಡಿದೆ.

ಆ ನೋಟ್‌ಬುಕ್ಕನ್ನು ನಾನು ಹರಿದು ಹಾಕಿಲ್ಲ. ಕಿರಿಯ ಶಿಕ್ಷಕರು ದತ್ತು ಮಕ್ಕಳ ಬಗ್ಗೆ ಸಲಹೆ ಕೇಳಿ ಬಂದರೆ ಅದನ್ನು ತೋರಿಸುತ್ತೇನೆ. ತಡವಾಗಿ ಎತ್ತುವವರನ್ನು ಬೇಕಾದರೆ ಗದರಿರಿ, ಮೊದಲ ರಿಂಗಿಗೇ ಎತ್ತುವ ಮಗುವನ್ನು ಮಾತ್ರ ಹೊಗಳಬೇಡಿ, “ರಾತ್ರಿ ನಿದ್ದಿ ಬಂದಿತ್ತೇನವ್ವಾ?” ಎಂದು ಕೇಳಿರಿ ಎನ್ನುತ್ತೇನೆ. ಕೇಳಲು ನನಗೆ ನಲವತ್ತೊಂದು ಬೆಳಗು ಸಿಕ್ಕಿದ್ದವು.